ಒಂದು ಸಾಲು ಕಡಿಮೆಯಿದ್ದ ಹಾಳೆ

ಬಿಸಿಲು ಇನ್ನೂ ನೀರಿಗೆ ಇಳಿದಿರಲಿಲ್ಲ. ಅಷ್ಟರಲ್ಲೇ ದಿನಪ್ಪ ದೋಣಿಯಲ್ಲಿ ಕೂತು ಬೆವರತೊಡಗಿದ್ದ. ಈಜಬೇಕಾದವನು ಅವನಲ್ಲ, ಅವನ ಮಗಳು. ಅವಳು ದಂಡೆಯ ಕಲ್ಲುಮೆಟ್ಟಿಲ ಮೇಲೆ ನಿಂತು, ಕೈಕಾಲಿಗೆಲ್ಲ ಜಿಡ್ಡಿನ ಮುಲಾಮು ಬಳಿದುಕೊಂಡು, ದಿನವೂ ತನ್ನ ಹಲ್ಲಿನ ಆಸ್ಪತ್ರೆಗೆ ಹೊರಡುವಷ್ಟೇ ನಿರಾಳವಾಗಿ, ಕೂದಲನ್ನು ರಬ್ಬರ್ ಟೋಪಿಯೊಳಗೆ ತುರುಕುತ್ತಿದ್ದಳು.

"ಅಪ್ಪಾ, ಹಾಗೆ ಅಂಚು ಹಿಡ್ಕೊಂಡು ಕೂರಬೇಡ. ದೋಣಿ ಎಲ್ಲೂ ಓಡಿಹೋಗಲ್ಲ."

"ನಾನೆಲ್ಲಿ ಹಿಡ್ಕೊಂಡಿದ್ದೀನಿ? ಸುಮ್ನೆ ಕೈ ಇಟ್ಟಿದ್ದೀನಿ ಅಷ್ಟೆ."

"ಸುಮ್ನೆ ಇಟ್ಟ ಕೈಯ ಗೆಣ್ಣು ಬೆಳ್ಳಗಾಗಿದೆ ನೋಡಿ ಯಜಮಾನ್ರೇ," ಎಂದು ದೋಣಿಯವನು ನಕ್ಕ. ನಕ್ಕಾಗ ಬಲಗಡೆ ಒಂದು ಹಲ್ಲಿನ ಜಾಗ ಖಾಲಿ ಕಂಡಿತು. ಆ ಹಲ್ಲನ್ನು ಕಿತ್ತವಳು ಮೆಟ್ಟಿಲ ಮೇಲಿದ್ದ ಮಗಳೇ. "ಡಾಕ್ಟ್ರಮ್ಮ ನನ್ನ ದವಡೆ ಹಲ್ಲನ್ನೇ ಮಿಸುಕಾಡದ ಹಾಗೆ ಕಿತ್ತುಬಿಟ್ರು. ಈ ಕೊಲ್ಲಿ ಯಾವ ಲೆಕ್ಕ?"

ಕೊಲ್ಲಿ ಲೆಕ್ಕಕ್ಕೆ ಸಿಗುವಂಥದ್ದಾಗಿರಲಿಲ್ಲ. ಈಚೆ ದಂಡೆಯಲ್ಲಿ ಊರು, ಆಚೆ ದಂಡೆಯಲ್ಲಿ ದೀಪಸ್ತಂಭ, ನಡುವೆ ಬೆಳಗ್ಗೆ ಒಂದು ಬಣ್ಣ ಮಧ್ಯಾಹ್ನ ಒಂದು ಬಣ್ಣ ತಾಳುವ ಅಗಲವಾದ ನೀರು. ಮೀನುಗಾರ ಗಂಡಸರು ಪಂದ್ಯ ಕಟ್ಟಿ ದಾಟಿದ್ದುಂಟು. ಹೆಂಗಸೊಬ್ಬಳು ದಾಟಿದ್ದನ್ನು ನೋಡಿದವರಿಲ್ಲ. ಆದರೂ ಊರಿನ ಮನೆಮನೆಯ ಗೋಡೆಯ ಮೇಲೆ ಒಬ್ಬಳು ದಾಟಿದ್ದಾಳೆ ಎಂದು ಅಚ್ಚಾಗಿತ್ತು. ಅದನ್ನು ಅಚ್ಚು ಹಾಕಿದವನು ದಿನಪ್ಪ.

ಅವನಿಗೆ ಮನೆಯವರು ಇಟ್ಟ ಹೆಸರು ಬೇರೆಯೇ ಇತ್ತು. ಅಚ್ಚುಕೂಟದವರು ದಿನಪ್ಪ ಎಂದು ಕರೆದು ಕರೆದು ಅದೇ ನಿಂತುಬಿಟ್ಟಿತ್ತು. ಅವನ ಕೆಲಸ ದಿನಕ್ಕೊಂದು ಹಾಳೆಯ ಕ್ಯಾಲೆಂಡರಿಗೆ ಅಚ್ಚಿನ ಮೊಳೆ, ಅಂದರೆ ಸೀಸದ ಅಕ್ಷರ, ಜೋಡಿಸುವುದು. ಪ್ರತಿ ಹಾಳೆಯಲ್ಲಿ ಮೇಲೆ ದೊಡ್ಡ ಅಂಕಿ, ಅದರ ಕೆಳಗೆ ಆ ತಾರೀಕಿನಂದು ಲೋಕದಲ್ಲಿ ನಡೆದದ್ದು, ಆ ತಾರೀಕಿನಂದು ಹುಟ್ಟಿದವರು. ಒಂದು ಹಾಳೆಯಲ್ಲಿ ರಾಜ, ಕವಿ, ಕಳ್ಳ, ವಿಜ್ಞಾನಿ ಎಲ್ಲರೂ ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ ಒತ್ತೊತ್ತಾಗಿ ಕೂರುತ್ತಿದ್ದರು. ಎಳವೆಯಲ್ಲಿ ಅಜ್ಜನ ತೊಡೆಯ ಮೇಲೆ ಕೂತು ಪದ್ಯ ಕೇಳಿ ಬೆಳೆದ ದಿನಪ್ಪನಿಗೆ ಈ ಸಾಲುಗಳೂ ಪದ್ಯದ ಹಾಗೆಯೇ ಬಾಯಿಗೆ ಬಂದುಬಿಟ್ಟಿದ್ದವು. ಮಾತು ಕಡಿಮೆಯ ಮನುಷ್ಯ. ಯಾರಾದರೂ ತಾರೀಕು ಕೇಳಿದರೆ ಮಾತ್ರ ಕಟ್ಟೆ ಒಡೆದ ಹಾಗೆ.

ಆ ಅಚ್ಚುಕೂಟದಲ್ಲಿ ಹಳೆಯ ಯಜಮಾನರು ಹಾಕಿಕೊಟ್ಟ ಒಂದು ಪದ್ಧತಿಯಿತ್ತು. ಯಾವ ತಾರೀಕಿನ ಹಾಳೆಯನ್ನೂ ಅದೇ ತಾರೀಕಿನಂದೇ ತೆರೆಯಬೇಕು. ಅಂದು ಬೆಳಗ್ಗೆ ಕಟ್ಟಿಟ್ಟ ಮೊಳೆಗಳನ್ನು ಕಪಾಟಿನಿಂದ ಇಳಿಸಿ, ಮುಂದಿನ ವರ್ಷಕ್ಕೆ ವಾರ ಬದಲಿಸಿ, ತಪ್ಪು ತಿದ್ದಿ, ಕರಡು ತೆಗೆದು, ಸಂಜೆ ಚೌಕಟ್ಟು ಬಿಗಿದು ಮತ್ತೆ ಕಪಾಟಿಗೆ ಏರಿಸಬೇಕು. ಆಮೇಲೆ ಏನೇ ನೆನಪಾದರೂ ಒಂದು ವರ್ಷ ಬಾಯಿ ಮುಚ್ಚಿಕೊಂಡಿರಬೇಕು. "ಹುಟ್ಟುಹಬ್ಬದ ದಿನ ಬಿಟ್ಟು ಬೇರೆ ದಿನ ಯಾರಾದ್ರೂ ಹುಟ್ಟುಹಬ್ಬ ಮಾಡ್ತಾರೇನ್ರಯ್ಯಾ?" ಎನ್ನುತ್ತಿದ್ದರು ಹಳೆಯ ಯಜಮಾನರು.

ಮಗಳು ಹುಟ್ಟಿದ ದಿನವೂ ದಿನಪ್ಪ ಹಾಗೆಯೇ ಅಂದಿನ ಹಾಳೆ ತೆರೆದು ಕೂತಿದ್ದ. ಅದರಲ್ಲಿ ಒಂದು ಸಾಲು ತಪ್ಪೆಂದು ಗೊತ್ತಾಗಿ ಕಿತ್ತುಹಾಕಿದ್ದರು. ಅದರ ಜಾಗದಲ್ಲಿ ಇಡಲು ಏನೂ ಸಿಕ್ಕಿರಲಿಲ್ಲ. ಸಾಲು ಖಾಲಿಬಿಟ್ಟರೆ ಉಳಿದ ಮೊಳೆಗಳು ಸಡಿಲವಾಗಿ ಉದುರುತ್ತವೆ. ಅಷ್ಟರಲ್ಲಿ ಆಸ್ಪತ್ರೆಯಿಂದ ಓಡಿಬಂದ ಅವನ ಅತ್ತಿಗೆ ಬಾಗಿಲಲ್ಲೇ ಕೂಗಿದಳು: "ಹೆಣ್ಣು! ಕೈಕಾಲು ಹೇಗೆ ಬಡೀತಾ ಇದೆ ಅಂತೀಯಾ, ಆಚೆ ದಡಕ್ಕೆ ಹೊರಟ ಹಾಗೆ!"

ದಿನಪ್ಪ ಕಿಟಕಿಯಾಚೆ ನೀರು ನೋಡಿದ. ಕೈ ತಾನಾಗಿ ಮೊಳೆಗಳ ಮೇಲೆ ಓಡಿತು: "ಈ ಕೊಲ್ಲಿಯನ್ನು ಈಜಿ ದಾಟಿದ ಮೊದಲ ಹೆಣ್ಣುಮಗಳು ಹುಟ್ಟಿದ ದಿನ." ಸಾಲು ಅಳತೆಗೆ ಸರಿಯಾಗಿ ಕೂತಿತು. ಸಂಜೆ ಬೇರೆ ಹಾಕೋಣ ಎಂದುಕೊಂಡು ಆಸ್ಪತ್ರೆಗೆ ಓಡಿದ. ಸಂಜೆ ಅವನಿಗೆ ಅಚ್ಚುಕೂಟದ ನೆನಪೇ ಬರಲಿಲ್ಲ.

ಮರುವರ್ಷ ಆ ಹಾಳೆಯನ್ನು ಊರೆಲ್ಲ ಹರಿಯಿತು, ಓದಿತು, ನಂಬಿತು. ರೇಡಿಯೊದವರು ಅದನ್ನು ನೋಡಿಕೊಂಡು ಹೇಳಿದರು, ಪತ್ರಿಕೆಯವರು ರೇಡಿಯೊ ಕೇಳಿಕೊಂಡು ಬರೆದರು. ಊರೇ ನಂಬಿದ ಸಾಲನ್ನು ತೆಗೆಯಲು ದಿನಪ್ಪನಿಗೆ ಮನಸ್ಸಾಗದೆ ಅದು ವರ್ಷವರ್ಷವೂ ಹಾಗೇ ಉಳಿಯಿತು. ಮಗಳು ಶಾಲೆಗೆ ಸೇರಿದ ಮೇಲೆ ಒಂದು ವರ್ಷ ಮೇಷ್ಟರು ಅದನ್ನು ಪ್ರಾರ್ಥನೆಯ ಹೊತ್ತಿಗೆ ಗಟ್ಟಿಯಾಗಿ ಓದಿದಾಗ ಎರಡನೆಯ ಕ್ಲಾಸಿನ ಮಕ್ಕಳೆಲ್ಲ ತಿರುಗಿ, "ಇವತ್ತು ನಿನ್ನ ಹುಟ್ಟುಹಬ್ಬ ಅಲ್ವೇನೇ? ನೀನೇನಾ ಅವಳು?" ಎಂದು ಮಗಳನ್ನು ಕೇಳಿದ್ದರು. ಅವಳು ಹಿಂದೆಮುಂದೆ ನೋಡದೆ "ಹೂಂ" ಎಂದುಬಿಟ್ಟಿದ್ದಳು. ಹೂಂ ಅಂದ ಮೇಲೆ ಕಲಿಯದೆ ವಿಧಿಯಿರಲಿಲ್ಲ. ಅಂದು ಸಂಜೆಯೇ ಮೊಣಕಾಲುದ್ದ ನೀರಿಗೆ ಇಳಿದವಳು ಆಮೇಲೆ ನೀರು ಬಿಡಲಿಲ್ಲ.

ಈ ವರ್ಷ ಅಚ್ಚುಕೂಟ ಹಳೆಯ ಯಜಮಾನರ ಮೊಮ್ಮಗಳ ಕೈಗೆ ಬಂತು. ಹೊಸ ಯಜಮಾನಿ ಓದಿದವಳು, ಒಳ್ಳೆಯವಳು. ಆದರೆ ಆಧಾರವಿಲ್ಲದ ಸಾಲು ಕಂಡರೆ ಬಟ್ಟೆಯ ಮೇಲೆ ಜಿರಲೆ ಕಂಡ ಹಾಗೆ ಆಡುವವಳು.

"ದಿನಪ್ಪಣ್ಣ, ಇವರು ಯಾರು?"

"ಯಾರಮ್ಮ?"

"ಇವರೇ, ಕೊಲ್ಲಿ ಈಜಿದವರು."

"ನನ್ನ ಮಗಳು."

"ಹೌದಾ! ಯಾವಾಗ ಈಜಿದ್ರು?"

"ಇನ್ನೂ ಈಜಿಲ್ಲಮ್ಮ."

ಹೊಸ ಯಜಮಾನಿ ಕನ್ನಡಕ ತೆಗೆದು ಒರೆಸಿಕೊಂಡಳು. ಕನ್ನಡಕದ ತಪ್ಪು ಅದಾಗಿರಲಿಲ್ಲ. ಕೊನೆಗೆ ಮೆತ್ತಗೆ ಹೇಳಿದಳು: "ನೀವು ನಮ್ಮ ತಾತನ ಕಾಲದವರು, ನಾನೇನೂ ಅನ್ನಲ್ಲ. ಆದ್ರೆ ಆ ಹಾಳೆ ತೆರೆಯೋ ದಿನ ಆ ಸಾಲು ತೆಗೀಬೇಕು."

ಊಟಕ್ಕೆ ಕೂತಾಗ ದಿನಪ್ಪ ಇದನ್ನು ಮನೆಯಲ್ಲಿ ಹೇಳಿದ. ಹೆಂಡತಿ, "ಸದ್ಯ, ಪೀಡೆ ಕಳೀತು," ಎಂದಳು. ಮಗಳು ತಟ್ಟೆಯಿಂದ ತಲೆಯೆತ್ತದೆಯೇ ಕೇಳಿದಳು:

"ಯಾವತ್ತು ತೆರೀತೀಯ ಅಪ್ಪಾ ಆ ಹಾಳೆ?"

"ನಿನ್ನ ಹುಟ್ಟುಹಬ್ಬದ ದಿನ. ಇನ್ನು ಯಾವತ್ತು?"

"ಸಂಜೆ ತಾನೇ ಬಿಗಿಯೋದು? ಹಾಗಾದ್ರೆ ಅಷ್ಟರೊಳಗೆ ಈಜಿಬಿಡ್ತೀನಿ."

ಅದಕ್ಕೇ ಈ ಬೆಳಗ್ಗೆ, ಈ ದೋಣಿ, ಈ ಬೆವರು. ಹೆಂಡತಿ ಮಾತ್ರ ಬಾಗಿಲು ಹಾಕಿಕೊಂಡು, "ಅಪ್ಪ ಮಗಳು ಇಬ್ಬರಿಗೂ ತಲೆ ಕೆಟ್ಟಿದೆ, ನಾನು ನೋಡೋಕೆ ಬರಲ್ಲ," ಎಂದು ಒಳಗೇ ಉಳಿದಿದ್ದಳು.

"ಕಟ್ಟುಪಾಡು ಇನ್ನೊಂದ್ಸಲ ಹೇಳ್ತೀನಿ," ಎಂದು ದೋಣಿಯವನು ಹುಟ್ಟು ಎತ್ತಿದ. "ದೋಣಿ ಪಕ್ಕದಲ್ಲೇ ಬರುತ್ತೆ. ಆದ್ರೆ ದೋಣಿ, ಹುಟ್ಟು, ಹಗ್ಗ, ನಾವು, ಇವು ಯಾವುದನ್ನ ಮುಟ್ಟಿದ್ರೂ ಈಜಿದ ಲೆಕ್ಕ ಅಲ್ಲ. ಗಂಡಸರ ಪಂದ್ಯದಲ್ಲೂ ಇದೇ. ನಿಮಗೇನೂ ರಿಯಾಯ್ತಿ ಇಲ್ಲ ಡಾಕ್ಟ್ರಮ್ಮ."

"ನಾನೆಲ್ಲಿ ರಿಯಾಯ್ತಿ ಕೇಳ್ದೆ?" ಎಂದವಳೇ ಮಗಳು ಕೈ ಮುಂದೆ ಚಾಚಿ ನೀರಿಗೆ ಬಿದ್ದಳು. ದಿನಪ್ಪನ ಎದೆಯೂ ಅವಳ ಜೊತೆಗೇ ಬಿತ್ತು.

ಮೊದಮೊದಲು ಎಂಥ ಸೊಗಸು! ಅವಳ ತೋಳು ಒಂದಾದ ಮೇಲೊಂದು ಎದ್ದು ಬೀಳುತ್ತಿತ್ತು, ತಪ್ಪದ ತಾಳದ ಹಾಗೆ, ಒಳ್ಳೆಯ ಓದುಗಾರನ ಬಾಯಲ್ಲಿ ಪದ್ಯ ಹರಿದ ಹಾಗೆ. ಹಿಂದೆ ಊರಿನ ಮನೆಗಳು ಕಿರಿದಾದವು, ಅಚ್ಚುಕೂಟದ ಹೊಗೆಗೂಡು ಬೆರಳುದ್ದವಾಯಿತು. ಬಿಸಿಲು ಇಳಿದು ನೀರೆಲ್ಲ ಹೊಳೆಯತೊಡಗಿತು. ದಿನಪ್ಪ ತನಗೇ ಗೊತ್ತಾಗದ ಹಾಗೆ ದೋಣಿಯ ಅಂಚು ಬಿಟ್ಟು ಎರಡೂ ಕೈ ತಟ್ಟುತ್ತಿದ್ದ.

"ಹಾಗೇ! ಹಾಗೇ ಮಗಳೇ! ಎಲಾ ಇವಳ!"

"ಯಜಮಾನ್ರೇ, ಕುಣೀಬೇಡಿ. ನಿಮ್ಮನ್ನ ಎತ್ತೋಕೆ ಇನ್ನೊಂದು ದೋಣಿ ಇಲ್ಲ."

ನಡುಕೊಲ್ಲಿಯಲ್ಲಿ ಒಂದು ಕೆಂಪು ಪೀಪಾಯಿ ತೇಲುತ್ತಿತ್ತು. ಲಾಂಚಿಗೆ ದಾರಿ ತೋರಿಸಲು ಸರಪಳಿ ಕಟ್ಟಿ ಬಿಟ್ಟದ್ದು ಅದು. ಮಗಳು ಅದರ ಪಕ್ಕಕ್ಕೆ ಬಂದಳು. ಕೈ ಬೀಸಿದಳು, ಬೀಸಿದಳು. ದಿನಪ್ಪ ಆಕಡೆ ದೀಪಸ್ತಂಭ ನೋಡಿ, ಈಕಡೆ ತಿರುಗಿದರೆ ಪೀಪಾಯಿ ಇನ್ನೂ ಅವಳ ಪಕ್ಕದಲ್ಲೇ ಇತ್ತು.

"ಇದೇನಯ್ಯಾ? ಅವಳು ಈಜ್ತಾ ಇದ್ದಾಳೆ, ಮುಂದೆ ಹೋಗ್ತಾ ಇಲ್ಲ!"

"ನೀರಿನ ಸೆಳೆತ," ಎಂದ ದೋಣಿಯವನು. ಈಗ ನಗುತ್ತಿರಲಿಲ್ಲ. "ನೀರು ಸಮುದ್ರಕ್ಕೆ ಇಳಿಯೋ ಹೊತ್ತಾಯ್ತು. ಇದನ್ನ ದಾಟಿಬಿಟ್ರೆ ಆಮೇಲೆ ತಿಳಿನೀರು. ದಾಟೋದು ಮಾತ್ರ ಅವರೇ ದಾಟಬೇಕು."

ಅದೇ ಹೊತ್ತಿಗೆ ಹಿಂದಿನಿಂದ ಕೊಂಬು ಊದಿದ ಸದ್ದು ಬಂತು. ಲಾಂಚು! ಊರಿನಿಂದ ಆಚೆ ದಂಡೆಗೆ ಜನರನ್ನು ಸಾಗಿಸುವ ಹಳೆಯ ಲಾಂಚು, ಬಸುರಿ ಎಮ್ಮೆಯ ಹಾಗೆ ಬುಸುಗುಟ್ಟುತ್ತಾ ಬರುತ್ತಿತ್ತು. ದೋಣಿಯವನು ಎದ್ದು ನಿಂತು ಹೆಗಲ ವಸ್ತ್ರ ಬೀಸಿದ. ಲಾಂಚು ದೂರಕ್ಕೆ ಸರಿದು ಹೋಯಿತು. ಅದರ ಮೇಲಿನವರೆಲ್ಲ ಒಂದೇ ಕಡೆಗೆ ನುಗ್ಗಿ ಏನೋ ಕೂಗುತ್ತಿದ್ದರು. ಅವರಲ್ಲಿ ಒಬ್ಬಳು ಟವೆಲ್ ಎತ್ತಿ ಬೀಸುತ್ತಿದ್ದಳು. ದಿನಪ್ಪನಿಗೆ ಆ ಟವೆಲ್ ಎಲ್ಲೋ ನೋಡಿದ ಹಾಗನ್ನಿಸಿತು. ಆದರೆ ಯೋಚಿಸಲು ಪುರಸೊತ್ತು ಸಿಗಲಿಲ್ಲ. ಲಾಂಚು ಎಬ್ಬಿಸಿದ ಅಲೆ ಬಂದೇಬಿಟ್ಟಿತು.

ದೋಣಿ ಮೇಲೆದ್ದು ಧೊಪ್ಪನೆ ಕೂತಿತು. ಮಗಳ ತಲೆ ಕಾಣಲಿಲ್ಲ. ಕಂಡಿತು. ಮತ್ತೆ ಕಾಣಲಿಲ್ಲ. ಮೇಲೆ ಬಂದಾಗ ಅವಳು ಕೆಮ್ಮುತ್ತಿದ್ದಳು, ಬಾಯಿಂದ ನೀರು ಸುರಿಯುತ್ತಿತ್ತು, ತೋಳುಗಳು ತಾಳ ತಪ್ಪಿ ಸುಮ್ಮನೆ ನೀರನ್ನು ಬಡಿಯುತ್ತಿದ್ದವು.

ದಿನಪ್ಪ ದೋಣಿಯವನ ಕೈಯಿಂದ ಹುಟ್ಟು ಕಿತ್ತುಕೊಂಡು ನೀರಿಗೆ ಚಾಚಿದ. "ಹಿಡ್ಕೋ! ಹಿಡ್ಕೋ ಮಗಳೇ! ಆ ಸಾಲು ಹಾಳಾಗಿ ಹೋಗ್ಲಿ! ನಾನು ಯಾಕಾದ್ರೂ ಜೋಡಿಸಿದ್ನೋ ಅದನ್ನ, ನನ್ನ ಕೈ ಸೇದಿಹೋಗ! ಹಿಡ್ಕೋ!"

ಹುಟ್ಟಿನ ತುದಿ ಅವಳ ಬೆರಳಿಗೆ ಗೇಣು ದೂರದಲ್ಲಿತ್ತು. ಅವಳು ಅದನ್ನು ನೋಡಿದಳು. ಕೈ ಮುಂದೆ ಬಂತು. ಬಂದ ಕೈ ನಡುದಾರಿಯಲ್ಲೇ ನಿಂತಿತು.

"ತೆಗಿ ಅದನ್ನ!"

"ಮಗಳೇ..."

"ಮುಟ್ಟಿಸಬೇಡ ಅಪ್ಪಾ! ಅಲೆ ಹೋಯ್ತು. ನಾನು ಸರಿಯಾಗಿದ್ದೀನಿ." ಕೆಮ್ಮಿದಳು, ಉಗುಳಿದಳು, ಮಲಗಿದ ಹಾಗೆ ಬೆನ್ನ ಮೇಲೆ ತೇಲಿ ಉಸಿರು ಎಳೆದುಕೊಂಡಳು. "ತಾಳ ತಪ್ಪಿಹೋಯ್ತು ಅಷ್ಟೆ. ಹೇಳು!"

"ಏನು ಹೇಳ್ಲಿ?"

"ನಾಳೆ ಏನು?"

ದಿನಪ್ಪನ ಕೈಯಿಂದ ಹುಟ್ಟು ಜಾರಿತು. ದೋಣಿಯವನು ಹಿಡಿದುಕೊಂಡ. ನಾಳೆ ಏನು! ಇವಳು ಚಿಕ್ಕವಳಿದ್ದಾಗ ಊಟ ಮಾಡದೆ ಹಟ ಹಿಡಿದರೆ ಅವನು ತುತ್ತಿಗೊಂದು ದಿನದ ಹಾಗೆ ಹೇಳುತ್ತಿದ್ದ. ನಾಳೆ ಯಾರು ಹುಟ್ಟಿದ್ದು, ನಾಳಿದ್ದು ಎಲ್ಲಿ ಯುದ್ಧ ನಿಂತದ್ದು. ಅವಳು ಬಾಯಿ ತೆರೆದು ಕೇಳುತ್ತಿದ್ದಳು, ತೆರೆದ ಬಾಯಿಗೆ ತುತ್ತು ಹೋಗುತ್ತಿತ್ತು.

ಅವನು ದೋಣಿಯಲ್ಲಿ ಮಂಡಿಯೂರಿ, ದೇವರನ್ನು ಒಂದು ಸಲ ನೆನೆದು, ಗಂಟಲೆತ್ತಿದ.

"ನಾಳೆ! ಬೆಟ್ಟದ ಹೊಟ್ಟೆ ಕೊರೆದು ರೈಲು ಬಿಟ್ಟವನು ಹುಟ್ಟಿದ!"

ಮಗಳು ಮಗ್ಗುಲು ತಿರುಗಿದಳು. ಒಂದು ತೋಳು ಎದ್ದಿತು.

"ನಾಳಿದ್ದು! ಕುರುಡ ಹುಡುಗಿಯೊಬ್ಬಳು ಮೊದಲ ಸಲ ವೀಣೆಯ ಕಚೇರಿ ಮಾಡಿದಳು!"

ಇನ್ನೊಂದು ತೋಳು ಎದ್ದಿತು.

"ಅದರಾಚೆ ದಿನ! ಇಬ್ಬರು ರಾಜರು ಕತ್ತಿ ಕೆಳಗಿಟ್ಟು ಒಂದೇ ತಟ್ಟೆಯಲ್ಲಿ ಉಂಡರು! ಅದರಾಚೆ ದಿನ! ಸಿಡುಬಿನ ಊರಿಗೆ ಒಬ್ಬಳೇ ಔಷಧಿ ಹೊತ್ತು ಹೋದ ದಾದಿ ಹುಟ್ಟಿದಳು! ಅದರಾಚೆ ದಿನ! ಸೆರೆಮನೆಯ ಗೋಡೆ ಬಿತ್ತು! ಅದರಾಚೆ ದಿನ! ನಕ್ಷತ್ರ ಎಣಿಸಲು ಹೊರಟು ಎಣಿಕೆ ತಪ್ಪಿದವನು ಹುಟ್ಟಿದ!"

ಒಬ್ಬರ ಹುಟ್ಟಿಗೆ ಒಂದು ತೋಳು, ಒಂದು ಗೆಲುವಿಗೆ ಒಂದು ತೋಳು. ತಾಳ ಮತ್ತೆ ಕೂಡಿಕೊಂಡಿತು. ಅವನ ಸ್ವರ ಏರಿದರೆ ಅವಳು ಏರುತ್ತಿದ್ದಳು, ಅವನು ಉಸಿರಿಗೆ ನಿಂತರೆ ಅವಳು ಉಸಿರಿಗೆ ತಲೆ ತಿರುಗಿಸುತ್ತಿದ್ದಳು. ದಿನಪ್ಪನಿಗೆ ಬಿಸಿಲಿಲ್ಲ, ನೀರಿಲ್ಲ, ಭಯವೂ ಇಲ್ಲ. ವರ್ಷವೆಲ್ಲ ಕಪಾಟಿನಲ್ಲಿ ಮಲಗಿದ್ದ ರಾಣಿಯರು, ಕವಿಗಳು, ಹಡಗು ಕಟ್ಟಿದವರು, ಬಡವರಿಗಾಗಿ ಜಗಳಕ್ಕೆ ನಿಂತವರು ಎಲ್ಲರೂ ಎದ್ದು ಬಂದು ಈ ಹುಡುಗಿಗೆ ಒಬ್ಬೊಬ್ಬರಾಗಿ ಭುಜ ಕೊಡುತ್ತಿದ್ದ ಹಾಗಿತ್ತು. ಒಂದು ತಿಂಗಳು ಮುಗಿಯಿತು. ಇನ್ನೊಂದು ಹಿಡಿಯಿತು. ದೋಣಿಯವನೂ ಸುಮ್ಮನಿರಲಾರದೆ ಪ್ರತಿ ದಿನದ ಕೊನೆಗೆ "ಹೋಯ್!" ಎಂದು ಹುಟ್ಟು ಹಾಕುತ್ತಿದ್ದ.

"ಯಜಮಾನ್ರೇ! ನಮ್ಮಪ್ಪ ಹುಟ್ಟಿದ ತಾರೀಕು ಬಂದೇ ಇಲ್ಲ!"

"ಯಾವತ್ತು?"

"ಯಾರಿಗೆ ಗೊತ್ತು? ಮಳೆಗಾಲದಲ್ಲಂತೆ!"

"ಬರುತ್ತೆ, ತಾಳು! ಅದರಾಚೆ ದಿನ! ಮಳೆ ಅಳೆಯೋ ಗಾಜಿನ ಕೊಳವೆ ಕಂಡುಹಿಡಿದರು!"

"ಹೋಯ್! ಹಿಂದೆ ನೋಡಿ!"

ದಿನಪ್ಪ ತಿರುಗಿದ. ಕೆಂಪು ಪೀಪಾಯಿ ಹುಣಸೆ ಬೀಜದಷ್ಟು ಸಣ್ಣದಾಗಿತ್ತು. ಸುತ್ತಲೂ ಹಸಿರು ತಿಳಿನೀರು.

ಆಚೆ ದಂಡೆಯಲ್ಲಿ ಲಾಂಚಿನಿಂದ ಇಳಿದವರೆಲ್ಲ ಸಾಲಾಗಿ ನಿಂತಿದ್ದರು. ಅಚ್ಚುಕೂಟದವರು! ಮಸಿ ಹತ್ತಿದ ಅಂಗಿಗಳಲ್ಲೇ ಬಂದಿದ್ದರು. ಕೆಲಸದ ದಿನ ಒಂದು ಗಳಿಗೆಯೂ ನಿಲ್ಲದ ಯಂತ್ರವನ್ನು ಯಾರು ನಿಲ್ಲಿಸಿದರೋ! ಅವರ ಮುಂದೆ, ಚಪ್ಪಲಿ ಕೈಯಲ್ಲಿ ಹಿಡಿದು, ಪಾದ ಮುಳುಗುವಷ್ಟು ನೀರಿನಲ್ಲಿ ಹೊಸ ಯಜಮಾನಿ. ಅವಳ ಪಕ್ಕದಲ್ಲಿ ಟವೆಲ್ ಹಿಡಿದು ನಿಂತವಳು ತನ್ನ ಹೆಂಡತಿಯೇ.

"ನಿಲ್ಲಬೇಡ ಕಣೇ! ಇನ್ನೇನು ಬಂತು! ಕಾಲು ಬಡಿಯೇ!" ಎಂದು, ನೋಡುವುದಕ್ಕೇ ಬರುವುದಿಲ್ಲ ಎಂದಿದ್ದವಳು, ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದಳು.

ಮಗಳ ಕೈ ಮರಳಿಗೆ ತಗುಲಿತು. ಅವಳು ಎದ್ದು ನಿಲ್ಲಲು ನೋಡಿ, ಕೂತುಬಿಟ್ಟು, ಮತ್ತೆ ಎದ್ದು, ತೂರಾಡುತ್ತಾ ನೀರು ದಾಟಿ ಒಣ ಮರಳಿನ ಮೇಲೆ ಎರಡೂ ಪಾದ ಊರಿದಳು. ದಂಡೆ ಬಾಯಿ ಬಿಟ್ಟಿತು, ಅದೇನು ಕೂಗು! ದಿನಪ್ಪ ದೋಣಿ ನಿಲ್ಲುವವರೆಗೆ ಕಾಯಲಿಲ್ಲ. ಈಜು ಬಾರದ ಮನುಷ್ಯ, ಸೊಂಟದುದ್ದ ನೀರಿಗೆ ಚಪ್ಪಲಿ ಸಮೇತ ಧುಮುಕಿ, ಬಿದ್ದು ಎದ್ದು ಓಡಿದ. ಹೆಂಡತಿ ಮಗಳನ್ನು ಟವೆಲಿನಲ್ಲಿ ಸುತ್ತಿ, ಬೆನ್ನು ಉಜ್ಜುತ್ತಾ, ಅಳುತ್ತಾ ಬೈಯುತ್ತಿದ್ದಳು.

"ನಾನು ಬೆಳಗ್ಗೆಯೇ ಲಾಂಚಿಗೆ ಬಂದಿದ್ದೆ," ಎಂದಳು ಹೊಸ ಯಜಮಾನಿ. ಅವಳ ಕನ್ನಡಕದ ಮೇಲೆಲ್ಲ ನೀರಿನ ಹನಿ. "ಕಣ್ಣಾರೆ ನೋಡಬೇಕು ಅಂತ. ಇವರೆಲ್ಲ ಬರ್ತೀವಿ ಅಂತ ಹಟ ಹಿಡಿದ್ರು. ಆ ಅಲೆ ಎದ್ದಾಗ ನನ್ನ ಜೀವ ಹೋದ ಹಾಗಾಯ್ತು ದಿನಪ್ಪಣ್ಣ. ಸಾಲು ಇರುತ್ತೆ. ಆಧಾರ ನಾನೇ."

"ಅಷ್ಟೇ ಸಾಲದಮ್ಮ," ಎಂದ ದಿನಪ್ಪ, ತೊಟ್ಟಿಕ್ಕುತ್ತಾ, ಏದುಸಿರು ಬಿಡುತ್ತಾ. ಮಾತು ಕಡಿಮೆಯ ಮನುಷ್ಯನಿಗೆ ಇವತ್ತು ನಾಲಿಗೆ ನಿಲ್ಲದಾಗಿತ್ತು. "ಅವಳು ಹುಟ್ಟಿದ್ದು ಈ ತಾರೀಕು ಸರಿ. ದಾಟಿದ್ದೂ ಈಗ ಇದೇ ತಾರೀಕು. ಅದಕ್ಕೆ ಇನ್ನೊಂದು ಸಾಲು ಬೇಕು."

"ಜಾಗ ಎಲ್ಲಿದೆ ಅಣ್ಣಾ? ಹಾಳೆ ತುಂಬಿದೆ."

"ಯಾರನ್ನಾದ್ರೂ ಎಬ್ಬಿಸೋಣ."

ಅಲ್ಲೇ, ಮರಳಿನ ಮೇಲೆ, ಜಗಳ ಶುರುವಾಯಿತು. ರಾಣಿಯ ಪಟ್ಟಾಭಿಷೇಕ ತೆಗೆಯೋಣ ಎಂದು ಯಂತ್ರ ತಿರುಗಿಸುವವನು ಅಂದ. ಹೆಂಗಸರದ್ದೇ ಕಡಿಮೆ, ಇರೋದನ್ನೂ ತೆಗೀತೀರಾ ಎಂದು ಕರಡು ತಿದ್ದುವವಳು ಅವನ ಮೇಲೆ ಬಿದ್ದಳು. ಗಣಿತಜ್ಞನ ಮೇಲೆ ಕೈ ಹಾಕಿದರೆ ತಾನು ಕೆಲಸ ಬಿಡುತ್ತೇನೆ ಎಂದ ಕಾಗದ ಕತ್ತರಿಸುವವನು. ಅವನಿಗೂ ಗಣಿತಕ್ಕೂ ಏನು ಸಂಬಂಧವೋ ಯಾರಿಗೂ ಗೊತ್ತಿರಲಿಲ್ಲ.

ಟವೆಲಿನೊಳಗಿಂದ ಮಗಳು ಹಲ್ಲು ಕಟಕಟಿಸುತ್ತಾ ಕೇಳಿದಳು: "ಇನ್ನೇನಿದೆ ಅಪ್ಪಾ ಆ ಹಾಳೆಯಲ್ಲಿ?"

"ಹಾಡುಗಾರ, ಸೇತುವೆ, ಧೂಮಕೇತು ಕಾಣಿಸಿದ್ದು..."

"ಧೂಮಕೇತು ತೆಗೀರಿ. ಅದು ಹೇಗಿದ್ರೂ ಇನ್ನೊಂದ್ಸಲ ಬರುತ್ತೆ."

ಹೊಸ ಯಜಮಾನಿಯೇ ಮೊದಲು ನಕ್ಕಳು, ಬಾಗಿ ಮಂಡಿಯ ಮೇಲೆ ಕೈಯಿಟ್ಟುಕೊಂಡು ನಕ್ಕಳು. ಲಾಂಚು ಕೊಂಬು ಊದಿತು. ಸಂಜೆಯೊಳಗೆ ಮೊಳೆ ಜೋಡಿಸಬೇಕಿತ್ತು. ಮಸಿಯಂಗಿಯವರೆಲ್ಲ ಓಡಿದರು.

"ನೀವು ಹೇಗೆ ಬರ್ತೀರಿ ಡಾಕ್ಟ್ರಮ್ಮ, ಈಜ್ಕೊಂಡೇ ಬರ್ತೀರಾ?" ಎಂದು ದೋಣಿಯವನು ಕೂಗಿದ.

"ಸುಮ್ನಿರಪ್ಪಾ. ನಾಳೆ ಬಾ, ಇನ್ನೊಂದು ಹಲ್ಲು ಕೀಳ್ತೀನಿ," ಎಂದಳು ಮಗಳು. ಅಪ್ಪನ ಹೆಗಲ ಮೇಲೆ ಇಡೀ ಭಾರ ಹಾಕಿ ಲಾಂಚಿನ ಕಡೆ ನಡೆದಳು. ದಿನಪ್ಪನ ತುಟಿ ಅಲುಗುತ್ತಿತ್ತು. ಹೊಸ ಸಾಲು ಅಳತೆಗೆ ಕೂರುತ್ತದೋ ಇಲ್ಲವೋ ಎಂದು ಅವನು ಆಗಲೇ ಅಕ್ಷರ ಅಕ್ಷರವಾಗಿ ಜೋಡಿಸತೊಡಗಿದ್ದ.